ಡೆಂಗೀ ರಿಪೋರ್ಟಲ್ಲಿ ಪ್ಲೇಟ್‌ಲೆಟ್ ಒಂದನ್ನೇ ನೋಡಬೇಡಿ

ಮಳೆಗಾಲದಲ್ಲಿ ಕಲಬುರಗಿಯ ಯಾವ ಲ್ಯಾಬ್ ಮುಂದೆ ನಿಂತರೂ ಒಂದೇ ಪ್ರಶ್ನೆ: "ಪ್ಲೇಟ್‌ಲೆಟ್ ಎಷ್ಟ್ ಬಂತ್ರಿ?" ಕೇಳಿ, ತಪ್ಪಿಲ್ಲ. ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ. ಆದರೆ ಕಾಯಿಲೆ ಜೋರಾಗುತ್ತಾ ಅನ್ನೋದು ಆ ಒಂದು ಸಂಖ್ಯೆಯಿಂದ ಗೊತ್ತಾಗುವುದಿಲ್ಲ.

ಮೊದಲು ಜ್ವರ ಶುರುವಾದ ದಿನ ಬರೆದಿಡಿ, ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ. ಎನ್‌ಎಸ್1 ಟೆಸ್ಟ್ ಮೊದಲ 5 ದಿನದೊಳಗೆ, ಆಮೇಲೆ ಐಜಿಎಂ. ಇವು ಡೆಂಗೀ ಇದೆಯಾ ಅಂತ ಮಾತ್ರ ಹೇಳುತ್ತವೆ. ಎಷ್ಟು ಜೋರು ಅಂತ ತಿಳಿಯಲು ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ ಬೇಕು, ಅದೂ ಮೊದಲ ಮೂರು ದಿನದೊಳಗೇ ಒಂದು ಸಲ ಮಾಡಿಸಿಡಿ, ಆಮೇಲಿನದನ್ನು ಹೋಲಿಸಲು ಏನಾದರೂ ಬೇಕಲ್ವಾ.

ಆ ರಿಪೋರ್ಟಲ್ಲಿ ಪಿಸಿವಿ ಅಂತ ಒಂದು ಸಾಲು ಇರುತ್ತದೆ, ಕೆಲವು ಲ್ಯಾಬ್‌ಗಳು ಹೆಚ್‌ಸಿಟಿ ಅಂತ ಬರೆಯುತ್ತವೆ. ರಕ್ತದಲ್ಲಿ ಕೆಂಪು ಕಣದ ಪಾಲು ಶೇಕಡಾ ಎಷ್ಟು ಅಂತ ಅದು ಹೇಳುತ್ತದೆ. ಯಾರೂ ಅದನ್ನು ನೋಡುವುದೇ ಇಲ್ಲ! ಡೆಂಗೀ ಜೋರಾದಾಗ ರಕ್ತನಾಳದಿಂದ ನೀರಿನಂಶ ಹೊರಗೆ ಸೋರುತ್ತದೆ, ಕೆಂಪು ಕಣ ಒಳಗೇ ಉಳಿಯುತ್ತದೆ, ನೀರು ಇಂಗಿದ ತೊಗರಿಬೇಳೆ ಹಾಗೆ ರಕ್ತ ಗಟ್ಟಿಯಾಗುತ್ತದೆ. ಆಗ ಪಿಸಿವಿ ಏರುತ್ತದೆ. ಮೊದಲು 36 ಇದ್ದದ್ದು 44 ಆಯಿತು ಅಂದರೆ ಶೇ. 20ಕ್ಕಿಂತ ಜಾಸ್ತಿ ಏರಿದ ಹಾಗೆ. ಜೊತೆಗೆ ಪ್ಲೇಟ್‌ಲೆಟ್ ಸರ್ರನೆ ಇಳಿಯುತ್ತಿದ್ದರೆ ಮನೇಲಿ ಕೂರಬೇಡಿ. ಡ್ರಿಪ್ ಹಾಕಿದ ಮೇಲೆ ಪಿಸಿವಿ ಇಳಿಯಬಹುದು, ಅದು ಸರಿ. ಆದರೆ ರೋಗಿ ಸುಸ್ತಾಗುತ್ತಿದ್ದು ಪಿಸಿವಿ ಧಡಕ್ಕನೆ ಬಿದ್ದರೆ ಒಳಗೆ ರಕ್ತ ಹೋಗುತ್ತಿರಬಹುದು.

ಬಿಳಿ ರಕ್ತಕಣ ಸಾಮಾನ್ಯವಾಗಿ ಪ್ಲೇಟ್‌ಲೆಟ್‌ಗಿಂತ ಮೊದಲೇ ಇಳಿಯುತ್ತದೆ. ಸಿಬಿಸಿಯನ್ನು ಡಾಕ್ಟರು ಹೇಳಿದಷ್ಟು ಸಲ, ಆದರೆ ಒಂದೇ ಲ್ಯಾಬಲ್ಲಿ ಮಾಡಿಸಿ, ಹಳೆಯ ರಿಪೋರ್ಟೆಲ್ಲ ಒಟ್ಟಿಗೆ ಒಯ್ಯಿರಿ.

ಜ್ವರ ಬಿಟ್ಟಿತು ಅಂತ ಟೆಸ್ಟ್ ನಿಲ್ಲಿಸುವುದು ದೊಡ್ಡ ತಪ್ಪು. 3ರಿಂದ 7ನೇ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೇ ನಿಜವಾದ ಅಪಾಯ ಶುರುವಾಗುವುದು. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಲ್ಲಿ ರಕ್ತ, ಮಂಕು, ಮೂತ್ರ ಕಮ್ಮಿ: ಇವುಗಳಲ್ಲಿ ಒಂದು ಕಂಡರೂ ರಿಪೋರ್ಟಿಗೆ ಕಾಯದೆ ಹೊರಡಿ. ದೂರದ ಚಿಂಚೋಳಿ, ಸೇಡಂ ಕಡೆಯವರು ಅಂತೂ ರಾತ್ರಿ ಆಗುವವರೆಗೆ ತಡಮಾಡಬೇಡಿ. ಗರ್ಭಿಣಿಯರು, ಚಿಕ್ಕ ಮಕ್ಕಳು, ಶುಗರ್ ಇದ್ದವರ ವಿಷಯದಲ್ಲಿ ಇನ್ನೂ ಬೇಗ.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಬೇಡ, ರಕ್ತಸ್ರಾವ ಜಾಸ್ತಿ ಆಗಬಹುದು. ಇನ್ನು ಪ್ಲೇಟ್‌ಲೆಟ್ 40 ಸಾವಿರ ಆಯಿತು, ಹಾಕಿಸಿ ಅಂತ ಡಾಕ್ಟರ ಮೇಲೆ ಸುಮ್ನೆ ಒತ್ತಡ ಹಾಕಬೇಡಿ. ರಕ್ತಸ್ರಾವ ಇಲ್ಲದಿದ್ದರೆ ಅಷ್ಟಕ್ಕೆಲ್ಲ ಹಾಕುವುದಿಲ್ಲ. ಅದರ ಬದಲು "ಪಿಸಿವಿ ಎಷ್ಟಿದೆ ಸರ್?" ಅಂತ ಕೇಳಿ.