ದಪ್ಪ ಜಡೆ ಹೊದಿಕೆ: ಮನೆಯಲ್ಲೇ ಹೆಣೆಯುವುದು ಹೇಗೆ

ಬಳ್ಳಾರಿಯಲ್ಲಿ ಕೂತು ಉಲ್ಲನ್ ಹೊದಿಕೆ ಹೆಣೆಯುತ್ತೇನೆ ಅಂದರೆ ಕೇಳಿದವರು ನಗುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು, ನಗಲಿ ಬಿಡಿ. ಆದರೆ ಡಿಸೆಂಬರ್, ಜನವರಿಯ ಬೆಳಗಿನ ಜಾವದಲ್ಲಿ ಇದೇ ಜನ ಮುದುರಿಕೊಂಡು ಮಲಗಿರುತ್ತಾರೆ. ಮನೆಯಲ್ಲಿ ಎಸಿ ಇದ್ದರೆ, ಅಥವಾ ಹಂಪಿ ಎಕ್ಸ್‌ಪ್ರೆಸ್‌ನ ಎಸಿ ಬೋಗಿಯಲ್ಲಿ ರಾತ್ರಿ ಬೆಂಗಳೂರಿಗೆ ಹೋಗುವ ಅಭ್ಯಾಸ ಇದ್ದರೆ, ಬೇಸಿಗೆಯಲ್ಲೂ ಒಂದು ಹೊದಿಕೆ ಬೇಕಾಗುತ್ತದೆ ಅಲ್ವಾ? ಹಾಗಂತ ಮಂಚ ಪೂರ್ತಿ ಮುಚ್ಚುವ ದೊಡ್ಡ ಹೊದಿಕೆ ಬೇಕಿಲ್ಲ, ಅಂಥ ಹೊದಿಕೆಯ ಆಸೆ ಬಿಡಿ. ಮಡಿಲ ಮೇಲೆ ಹಾಕಿಕೊಳ್ಳುವಷ್ಟು, ಸುಮಾರು 82 ಸೆಂ.ಮೀ. ಅಗಲ, 110 ಸೆಂ.ಮೀ. ಉದ್ದದ್ದು ಸಾಕು. ನಮ್ಮ ಹವಾಮಾನಕ್ಕೆ ಸರಿಹೋಗುವುದೂ ಅದೇ, ಬೇಗ ಮುಗಿಯುವುದೂ ಅದೇ.

ಸೀದಾ (ನಿಟ್), ಉಲ್ಟಾ (ಪರ್ಲ್) ಎರಡೂ ಹೆಣೆಯಲು ಬರುತ್ತದೆ ಅಂದುಕೊಂಡು ಬರೆಯುತ್ತಿದ್ದೇನೆ. ಬರದಿದ್ದರೆ ಮೊದಲು ತೆಳು ಉಲ್ಲನ್‌ನಲ್ಲಿ ಒಂದು ಸಣ್ಣ ಪಟ್ಟಿ ಹೆಣೆದು ಕೈ ಪಳಗಿಸಿಕೊಳ್ಳಿ. ಜಡೆ, ಅಂದರೆ ಕೇಬಲ್, ಅದಕ್ಕಿಂತ ಕಷ್ಟದ ವಿದ್ಯೆಯೇನಲ್ಲ. ಕಡ್ಡಿಯ ಮೇಲಿನ ನಾಲ್ಕು ಕುಣಿಕೆಯನ್ನು ಪಕ್ಕಕ್ಕೆ ತೆಗೆದಿಟ್ಟು, ಮುಂದಿನ ನಾಲ್ಕನ್ನು ಮೊದಲು ಹೆಣೆದು, ಆಮೇಲೆ ತೆಗೆದಿಟ್ಟದ್ದನ್ನು ಹೆಣೆಯುವುದು. ಅಷ್ಟೇ. ನಿಜವಾದ ತಲೆನೋವು ಇರುವುದು ಉಲ್ಲನ್ ಆರಿಸುವುದರಲ್ಲಿ ಮತ್ತು ಅಗಲದ ಲೆಕ್ಕದಲ್ಲಿ.

ಮೊದಲು ಉಲ್ಲನ್. ಆನ್‌ಲೈನ್‌ನಲ್ಲಿ ಹೆಬ್ಬೆರಳು ಗಾತ್ರದ ಮೆರಿನೊ ಹುರಿ ತೋರಿಸುತ್ತಾರೆ, ಕೈಯಲ್ಲೇ ಹೆಣೆಯಬಹುದು ಅನ್ನುತ್ತಾರೆ. ಫೋಟೊದಲ್ಲಿ ಬಲು ಚೆಂದ. ಅದು ಹೊಸೆಯದ ಉಣ್ಣೆ, ಸ್ವಲ್ಪ ದಿನ ಬಳಸಿದರೆ ಸಾಕು, ಜುಂಗು ಎದ್ದು ಗಂಟುಗಂಟಾಗುತ್ತದೆ. ಬೆಲೆಯೂ ಜಾಸ್ತಿ. ನನ್ನ ಮಾತು ಕೇಳುವುದಾದರೆ ಊರಿನ ಫ್ಯಾನ್ಸಿ ಸ್ಟೋರ್‌ನಲ್ಲಿ ಸಿಗುವ ಮಾಮೂಲಿ ಸ್ವೆಟರ್ ದಪ್ಪದ ಆಕ್ರಿಲಿಕ್ ತಂದು ಮೂರು ಎಳೆ ಒಟ್ಟಿಗೆ ಹಿಡಿದು ಹೆಣೆಯಿರಿ. ಬೇಕಾದ ದಪ್ಪ ಬರುತ್ತದೆ, ಮನೆಯಲ್ಲೇ ಒಗೆಯಬಹುದು, ಅರ್ಧದಲ್ಲಿ ಖಾಲಿಯಾದರೆ ಮತ್ತೆ ಓಡಿಹೋಗಿ ತರಬಹುದು. ಹತ್ತಿಯ ನೂಲು ತಂಪೇನೋ ಹೌದು, ಆದರೆ ಈ ದಪ್ಪದಲ್ಲಿ ಹೆಣೆದರೆ ಹೊದಿಕೆ ತುಂಬಾ ಭಾರವಾಗುತ್ತದೆ, ತನ್ನ ಭಾರಕ್ಕೆ ತಾನೇ ಜೋತುಬಿದ್ದು ಉದ್ದವಾಗುತ್ತದೆ. ಇನ್ನು ಕೆಲವರು ಕಂಬಳಿಯ ಉಣ್ಣೆ ಆಗುವುದಿಲ್ಲವೇ ಅಂತ ಕೇಳುತ್ತಾರೆ. ನಮ್ಮ ಬಳ್ಳಾರಿ ತಳಿಯ ಕುರಿಯ ಉಣ್ಣೆ ಒರಟು. ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಹಾಕಿದ ಕಂಬಳಿಗೆ ಆ ಒರಟುತನವೇ ಬಲ. ಕಡ್ಡಿಯಲ್ಲಿ ಹೆಣೆದ ಹೊದಿಕೆಗೆ ಮಾತ್ರ ಅದು ಚುಚ್ಚುತ್ತದೆ.

ಬಣ್ಣ ಒಂದೇ ಇರಲಿ, ತಿಳಿಯಾಗಿರಲಿ. ಕಡು ನೀಲಿ, ಕಪ್ಪು ಅಥವಾ ಬಣ್ಣಬಣ್ಣದ ಉಲ್ಲನ್‌ನಲ್ಲಿ ಜಡೆಯ ನೆರಳು ಕಾಣುವುದೇ ಇಲ್ಲ, ಪಟ್ಟ ಶ್ರಮ ದಂಡ. ಹಾಗಂತ ಹಾಲುಬಿಳಿ ತಗೊಂಡರೆ ನಮ್ಮ ಕೆಂಪು ಧೂಳು ಒಂದು ತಿಂಗಳೂ ಬಿಡುವುದಿಲ್ಲ. ಗೋಧಿ ಬಣ್ಣ, ತಿಳಿ ಬೂದು, ಸಾಸಿವೆ ಹಳದಿ, ಇವು ಸೇಫ್.

ಕಡ್ಡಿ 10 ಮಿ.ಮೀ. ಇರಲಿ. ಹಳೆಯ ಕಡ್ಡಿಗಳ ಮೇಲೆ ಇಂಗ್ಲೆಂಡಿನ ಹಳೆಯ ನಂಬರ್ ಇರುತ್ತದೆ, ಅದು ತಿರುಗುಮುರುಗು: ನಂಬರ್ ದೊಡ್ಡದಾದಷ್ಟೂ ಕಡ್ಡಿ ತೆಳು. 8 ನಂಬರ್ ಅಂದರೆ ಬರೀ 4 ಮಿ.ಮೀ. 10 ಮಿ.ಮೀ. ಬೇಕಾದರೆ ಮೂರು ಸೊನ್ನೆ ಇರುವುದನ್ನು ಕೇಳಬೇಕು. ಎರಡು ಕಡ್ಡಿಯ ನಡುವೆ ವೈರ್ ಇರುವ ಸರ್ಕ್ಯುಲರ್ ಕಡ್ಡಿ, 100 ಸೆಂ.ಮೀ.ದು ಸಿಕ್ಕರೆ ಅದನ್ನೇ ತಗೊಳ್ಳಿ. ಹೊದಿಕೆಯ ಭಾರವೆಲ್ಲ ಮಡಿಲಲ್ಲಿ ಕೂರುತ್ತದೆ, ಮಣಿಕಟ್ಟು ನೋಯುವುದಿಲ್ಲ. ಜಡೆ ತಿರುಗಿಸಲು ಬೇರೆ ಪುಟ್ಟ ಕಡ್ಡಿ ಬೇಕು. ಅಂಗಡಿಯಲ್ಲಿ ಅದಕ್ಕಂತಲೇ ಸಿಗುತ್ತದೆ, ಸಿಗದಿದ್ದರೆ ನುಣ್ಣನೆಯ ಪೆನ್ಸಿಲ್ ಸಾಕು.

ಈಗ ಎಲ್ಲರೂ ಹಾರಿಸಿಬಿಡುವ ಕೆಲಸ: ಮಾದರಿ ಪಟ್ಟಿ. ದಯವಿಟ್ಟು ಹಾರಿಸಬೇಡಿ. ಜಡೆ ಹಾಕಿದಾಗ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಸುಮ್ನೆ ಸೀದಾ ಹೆಣೆದು ಅಳೆದ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಜಡೆ ಸಮೇತವೇ ಅಳೆಯಬೇಕು. 28 ಕುಣಿಕೆ ಹಾಕಿ, 4 ಉಲ್ಟಾ, 8 ಸೀದಾ, 4 ಉಲ್ಟಾ, 8 ಸೀದಾ, 4 ಉಲ್ಟಾ ಹೀಗೆ ಮಾಡಿ, ಕೆಳಗೆ ಹೇಳಿದಂತೆ ಜಡೆ ತಿರುಗಿಸುತ್ತಾ 20 ಸೆಂ.ಮೀ. ಉದ್ದ ಹೆಣೆಯಿರಿ. ಅಗಲ ಸುಮಾರು 23 ಸೆಂ.ಮೀ. ಬಂದರೆ ನನ್ನ ಲೆಕ್ಕ ನಿಮಗೂ ಹೊಂದುತ್ತದೆ. 20 ಸೆಂ.ಮೀ. ಮಾತ್ರ ಬಂದರೆ ನಿಮ್ಮ ಕೈ ಬಿಗಿ, ಇನ್ನೂ ದಪ್ಪ ಕಡ್ಡಿ ಹಿಡಿಯಿರಿ ಅಥವಾ ಒಂದು ಜಡೆ ಹೆಚ್ಚಿಸಿ.

ಆ ಪಟ್ಟಿಯನ್ನು ಬಿಚ್ಚುವ ಮೊದಲು ತೂಗಿ. ಅಡುಗೆಮನೆಯ ತಕ್ಕಡಿ ಇಲ್ಲದಿದ್ದರೆ ಪರಿಚಯದ ಕಿರಾಣಿ ಅಂಗಡಿಯಲ್ಲಿ ತೂಗಿಸಿ, ಯಾರೂ ಬೇಡ ಅನ್ನುವುದಿಲ್ಲ. ಪಟ್ಟಿ 23 ಗುಣಿಸು 20, ಅಂದರೆ 460 ಚದರ ಸೆಂ.ಮೀ. ಹೊದಿಕೆ 82 ಗುಣಿಸು 110, ಅಂದರೆ 9020. ಅಂದರೆ ಪಟ್ಟಿಯ ಹತ್ತಿರಹತ್ತಿರ 20 ಪಟ್ಟು. ಪಟ್ಟಿ 40 ಗ್ರಾಂ ತೂಗಿದರೆ ಸುಮಾರು 800 ಗ್ರಾಂ ಬೇಕು, ನೀವು 900 ತನ್ನಿ. ಎಲ್ಲ ಉಂಡೆಯ ಲೇಬಲ್ ಮೇಲಿನ ಲಾಟ್ ನಂಬರ್ ಒಂದೇ ಇದೆಯಾ ನೋಡಿ. ಲಾಟ್ ಬದಲಾದರೆ ಅದೇ ಬಣ್ಣವೂ ಒಂದು ಛಾಯೆ ಆಚೀಚೆ ಇರುತ್ತದೆ, ರಾತ್ರಿ ಟ್ಯೂಬ್‌ಲೈಟಿನಲ್ಲಿ ಗೊತ್ತಾಗದೆ ಬೆಳಿಗ್ಗೆ ಬಿಸಿಲಲ್ಲಿ ಎದ್ದು ಕಾಣುತ್ತದೆ.

ಶುರು ಮಾಡುವಾಗ 86 ಕುಣಿಕೆ ಹಾಕಿ. ಮೊದಲ 7 ಸಾಲು ಅಂಚು: ಒಂದು ಸೀದಾ, ಒಂದು ಉಲ್ಟಾ. ಮುಂದಿನ ಸಾಲಿನಲ್ಲಿ ಸೀದಾ ಕಂಡಲ್ಲಿ ಉಲ್ಟಾ, ಉಲ್ಟಾ ಕಂಡಲ್ಲಿ ಸೀದಾ. ಹೀಗೆ ಕಾಳುಕಾಳಾಗಿ ಬರುವ ಅಂಚು ಸುರುಳಿ ಸುತ್ತಿಕೊಳ್ಳುವುದಿಲ್ಲ. 8ನೇ ಸಾಲು ಹಿಂಬದಿಯದು. ಅದರಲ್ಲಿ 6 ಕುಣಿಕೆ ಅಂಚಿನಂತೆ, 4 ಸೀದಾ, ಆಮೇಲೆ 6 ಉಲ್ಟಾ ಹೆಣೆಯುವಾಗ ನಡುನಡುವೆ ಎರಡು ಕುಣಿಕೆ ಹೆಚ್ಚಿಸಿ 8 ಮಾಡಿಕೊಳ್ಳಿ. ಎರಡು ಕುಣಿಕೆಗಳ ನಡುವಿನ ಎಳೆಯನ್ನು ಎತ್ತಿ, ತಿರುಚಿ ಹೆಣೆದರೆ ಒಂದು ಹೆಚ್ಚುತ್ತದೆ. ಮತ್ತೆ 4 ಸೀದಾ, ಮತ್ತೆ 6 ಅನ್ನು 8. ಇದು ಏಳು ಸಲ. ಕೊನೆಗೆ 4 ಸೀದಾ ಆಗಿ 6 ಅಂಚಿನವು ಉಳಿಯುತ್ತವೆ. ಈಗ ಕಡ್ಡಿಯ ಮೇಲೆ ಸರಿಯಾಗಿ 100. ಮೊದಲೇ 100 ಹಾಕಬಹುದಲ್ಲ ಅಂದರೆ, ಹಾಕಬಹುದು, ಆದರೆ ಮೇಲೆ ಜಡೆ ಎಳೆದುಕೊಂಡು ಕೆಳಗಿನ ಅಂಚು ಲಂಗದ ನೆರಿಗೆಯಂತೆ ಅಗಲವಾಗುತ್ತದೆ.

ಇನ್ನು ಮುಂದೆ 8 ಸಾಲಿನ ಆಟ. ಮುಂಬದಿಯಲ್ಲಿ 6 ಅಂಚು, ಆಮೇಲೆ 4 ಉಲ್ಟಾ 8 ಸೀದಾ ಏಳು ಸಲ, ಕೊನೆಗೆ 4 ಉಲ್ಟಾ, 6 ಅಂಚು. ಹಿಂಬದಿಯಲ್ಲಿ ಎದುರಿಗೆ ಕಂಡಂತೆ ಹೆಣೆಯಿರಿ: ಸೀದಾ ಕಂಡರೆ ಸೀದಾ, ಉಲ್ಟಾ ಕಂಡರೆ ಉಲ್ಟಾ. ಅಂಚಿನ ಆರು ಕುಣಿಕೆಗೆ ಮಾತ್ರ ಹಳೆಯ ನಿಯಮವೇ. ಹೀಗೆ 4 ಸಾಲು. 5ನೇ ಸಾಲಿನಲ್ಲಿ ಜಡೆ ತಿರುಗಿಸಬೇಕು. 6, 7, 8 ಮತ್ತೆ ಮಾಮೂಲಿ. ಆಮೇಲೆ ಒಂದರಿಂದ ಶುರು.

ತಿರುಗಿಸುವುದು ಹೀಗೆ. 8 ಸೀದಾ ಕುಣಿಕೆ ಬಂದಾಗ ಮೊದಲ 4 ಅನ್ನು ಹೆಣೆಯದೆ ಪುಟ್ಟ ಕಡ್ಡಿಗೆ ದಾಟಿಸಿ. ಆ ಕಡ್ಡಿಯನ್ನು ನಿಮ್ಮ ಕಡೆಗೆ, ಬಟ್ಟೆಯ ಮುಂದೆ ಬಿಟ್ಟರೆ ಜಡೆ ಎಡಕ್ಕೆ ವಾಲುತ್ತದೆ. ಹಿಂದಕ್ಕೆ ಬಿಟ್ಟರೆ ಬಲಕ್ಕೆ. ಮುಂದಿನ 4 ಸೀದಾ ಹೆಣೆದು, ಪುಟ್ಟ ಕಡ್ಡಿಯ 4 ಅನ್ನು ಹೆಣೆಯಿರಿ. ಮೂರೆಳೆಯ ಉಲ್ಲನ್ ಆದ್ದರಿಂದ ಇಲ್ಲಿ ಬಿಗಿ ಅನಿಸುತ್ತದೆ. 4ನೇ ಸಾಲನ್ನು ಸ್ವಲ್ಪ ಸಡಿಲವಾಗಿ ಹೆಣೆದಿದ್ದರೆ ಸುಲಭ. ನನಗೆ ಚೆಂದ ಕಾಣುವುದು ಮೊದಲ ಮೂರು ಜಡೆ ಬಲಕ್ಕೆ, ಉಳಿದ ನಾಲ್ಕು ಎಡಕ್ಕೆ ತಿರುಗಿಸಿದಾಗ. ಎಲ್ಲ ಒಂದೇ ಕಡೆಗಾದರೂ ತಪ್ಪಿಲ್ಲ. ಆದರೆ ಒಂದೇ ಜಡೆಯಲ್ಲಿ ಒಮ್ಮೆ ಮುಂದೆ, ಒಮ್ಮೆ ಹಿಂದೆ ಮಾಡಿದರೆ ಅದು ಜಡೆಯಾಗುವುದಿಲ್ಲ, ಹಾವಿನ ಹಾಗೆ ಅಂಕುಡೊಂಕಾಗುತ್ತದೆ.

ಜಡೆಯ ಎರಡೂ ಬದಿಯ ಆ 4 ಉಲ್ಟಾ ಕುಣಿಕೆಯನ್ನು ಅವಸರದಲ್ಲಿ ಎರಡಕ್ಕೆ ಇಳಿಸಬೇಡಿ. ಜಡೆ ಉಬ್ಬಿ ನಿಲ್ಲುವುದು ಪಕ್ಕದಲ್ಲಿ ತಗ್ಗು ಇದ್ದಾಗಲೇ.

ತಿರುಗಿಸಿದ ಸಾಲಿಗೆ ಒಂದು ಸೇಫ್ಟಿ ಪಿನ್ ಹಾಕಿಡಿ. ನಡುವೆ ಕರೆಂಟ್ ಹೋಯಿತು, ಯಾರೋ ಬಂದರು, ಹಾಲು ಉಕ್ಕಿತು ಅಂತ ಎದ್ದು ಹೋದವರಿಗೆ ಎಷ್ಟನೇ ಸಾಲು ಅಂತ ಪಿನ್ನೇ ಹೇಳುತ್ತದೆ. ಒಂದು ಜಡೆ ತಪ್ಪು ದಿಕ್ಕಿಗೆ ತಿರುಗಿದ್ದು ಕೆಲವು ಸಾಲು ಆದಮೇಲೆ ಕಂಡರೆ ಪೂರ್ತಿ ಬಿಚ್ಚುವುದು ಬೇಡ. ಆ 8 ಕುಣಿಕೆಯನ್ನಷ್ಟೇ ಕಡ್ಡಿಯಿಂದ ಇಳಿಸಿ, ತಪ್ಪಾದ ಸಾಲಿನವರೆಗೆ ಬಿಚ್ಚಿ, ದಿಕ್ಕು ಸರಿಮಾಡಿ, ಕ್ರೋಷೆ ಕಡ್ಡಿಯಿಂದ ಒಂದೊಂದೇ ಎಳೆ ಎತ್ತಿಕೊಂಡು ಮೇಲೆ ಬನ್ನಿ. ನೋಡಲು ಭಯ ಆಗುತ್ತದೆ, ಮಾಡಲು ಅಲ್ಲ.

ಮೂರು ಉಂಡೆಯನ್ನೂ ಒಂದೇ ಬುಟ್ಟಿಯಲ್ಲಿಡಿ. ಸಾಲು ಮುಗಿದಾಗ ಹೊದಿಕೆಯನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸಿದರೆ ಎಳೆಗಳು ಹುರಿಯಾಗುವುದಿಲ್ಲ. ಮೂರೂ ಎಳೆ ಒಂದೇ ಜಾಗದಲ್ಲಿ ಮುಗಿಯದಂತೆ ನೋಡಿಕೊಳ್ಳಿ, ಅಲ್ಲಿ ಗಡ್ಡೆ ಏಳುತ್ತದೆ. ಹೊಸ ಎಳೆಯನ್ನು ಉಲ್ಟಾ ಕುಣಿಕೆಯ ತಗ್ಗಿನಲ್ಲಿ ಸೇರಿಸಿ, ತುದಿ ಒಂದು ಗೇಣಿನಷ್ಟು ಬಿಡಿ, ಆಮೇಲೆ ದಬ್ಬಳದಿಂದ ಹಿಂಬದಿಯಲ್ಲಿ ಒಳಗೆ ಸೇರಿಸಿದರಾಯಿತು.

ಉದ್ದ 104 ಸೆಂ.ಮೀ. ಹತ್ತಿರ ಬಂದಾಗ, 8ನೇ ಸಾಲು ಮುಗಿಸಿ ನಿಲ್ಲಿ. ಮುಂದಿನ ಸಾಲಿನಲ್ಲಿ ಪ್ರತಿ ಜಡೆಗೂ 1 ಸೀದಾ, 2 ಒಟ್ಟಿಗೆ, 2 ಸೀದಾ, 2 ಒಟ್ಟಿಗೆ, 1 ಸೀದಾ ಹೆಣೆದು 8 ಅನ್ನು 6 ಮಾಡಿ. ಮತ್ತೆ 86 ಆಯಿತು. ಶುರುವಿನಲ್ಲಿ ಮಾಡಿದಂತೆಯೇ 7 ಸಾಲು ಅಂಚು ಹೆಣೆದು ಸಡಿಲವಾಗಿ ಮುಚ್ಚಿ. ಬಿಗಿಯಾಗಿ ಮುಚ್ಚಿದರೆ ಆ ಬದಿ ಮುದುಡುತ್ತದೆ.

ಇಸ್ತ್ರಿ ಪೆಟ್ಟಿಗೆ ಮಾತ್ರ ತೋರಿಸಲೇಬೇಡಿ. ಬಿಸಿ ತಾಗಿದ ಆಕ್ರಿಲಿಕ್ ಜೀವ ಬಿಟ್ಟು ಜೋತುಬೀಳುತ್ತದೆ, ಜಡೆಯ ಉಬ್ಬು ಚಪ್ಪಟೆಯಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ತಣ್ಣೀರಲ್ಲಿ ಶಾಂಪೂ ಹಾಕಿ ಅದ್ದಿ, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಚಾಪೆಯ ಮೇಲೆ ಹರಡಿ ಒಣಗಿಸಿ. ತಂತಿಯ ಮೇಲೆ ಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ. ಬೇಸಿಗೆಗೆ ಎತ್ತಿಡುವಾಗಲೂ ಹ್ಯಾಂಗರ್ ಬೇಡ, ಮಡಚಿ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಡಿ. ನುಸಿಗುಳಿಗೆಯೂ ಬೇಕಿಲ್ಲ, ನುಸಿ ತಿನ್ನುವುದು ಉಣ್ಣೆಯನ್ನು, ಆಕ್ರಿಲಿಕ್ ಅದಕ್ಕೆ ರುಚಿಸುವುದಿಲ್ಲ.