ರಾಮಪತ್ರೆ ಜಡ್ಡಿಗಳ ಸಮೀಕ್ಷೆ ಮಾಡುವ ಬಗೆ

ಉತ್ತರ ಕನ್ನಡದ ಘಟ್ಟದ ಕಾನುಗಳಲ್ಲಿ, ವರ್ಷವಿಡೀ ನೀರು ಒಸರುವ ತಗ್ಗುಗಳಲ್ಲಿ ಅಲ್ಲಲ್ಲಿ ಉಳಿದಿರುವ ರಾಮಪತ್ರೆ ಜಡ್ಡಿಗಳನ್ನು, ಎಂದರೆ ರಾಮಪತ್ರೆ ಕುಟುಂಬದ ಮರಗಳು ಬೆಳೆಯುವ ಜೌಗು ಕಾಡುಗಳನ್ನು, ಕಾಪಾಡಬೇಕಾದರೆ ಅವುಗಳ ಸ್ಥಿತಿಗತಿಯ ನಂಬಲರ್ಹ ದಾಖಲೆ ಬೇಕು. ಮರ ಎಣಿಸಿದರೆ ಸಾಕೆಂಬ ಭಾವನೆ ಸಾಮಾನ್ಯ. ಆದರೆ ಮೇಲಿನ ನೀರನ್ನು ತೋಟಕ್ಕೆ ತಿರುಗಿಸಿದ ಮೇಲೂ ಹಳೆಯ ಮರಗಳು ವರ್ಷಗಟ್ಟಲೆ ಹಸಿರಾಗಿ ನಿಂತಿರಬಲ್ಲವಾದ್ದರಿಂದ, ಬೇಸಿಗೆಯ ನೀರು ಮತ್ತು ಸಸಿಗಳ ಸಂಖ್ಯೆ ಇವೆರಡನ್ನೂ ನೋಡದ ಸಮೀಕ್ಷೆಯನ್ನು ನಾನು ಪೂರ್ಣವೆಂದು ಒಪ್ಪಲಾರೆ.

ಅರಣ್ಯ ಇಲಾಖೆಯ ಅನುಮತಿ ಪಡೆದು ಏಪ್ರಿಲ್-ಮೇ ತಿಂಗಳಲ್ಲಿ ಕೆಲಸ ಆರಂಭಿಸಿ. ಮಳೆಗಾಲದಲ್ಲಿ ಎಲ್ಲ ತಗ್ಗೂ ಜಡ್ಡಿಯಂತೆಯೇ ಕಾಣುತ್ತದೆ. ಬಿರುಬೇಸಿಗೆಯಲ್ಲಿ ಕಾಲು ಹೂಳುವ ಕೆಸರು ಉಳಿದಿರುವ ಜಾಗದ ಅಂಚನ್ನೇ ಜಿಪಿಎಸ್‌ನಲ್ಲಿ ಗುರುತಿಸಬೇಕು. ಸೆಂಟಿಮೀಟರ್ ಗುರುತುಳ್ಳ ಕೋಲೊಂದನ್ನು ನೆಟ್ಟು, ತಿಂಗಳಿಗೊಮ್ಮೆಯಾದರೂ ನೀರಿನ ಮಟ್ಟ ಬರೆದುಕೊಳ್ಳಿ. ಒರತೆಯ ತನಕ ಮೇಲಕ್ಕೆ ನಡೆದು, ಪೈಪು, ಕಾಲುವೆ, ಒಡ್ಡುಗಳಿದ್ದರೆ ಅವನ್ನೂ ನಕ್ಷೆಗೆ ಸೇರಿಸಿ.

ಮರಗಳಿಗಾಗಿ 20 ಮೀಟರ್ ಉದ್ದ, 20 ಮೀಟರ್ ಅಗಲದ ಶಾಶ್ವತ ತಾಕು ಗುರುತಿಸಿ, ಪ್ರತಿ ಮರಕ್ಕೂ ಸಂಖ್ಯೆಯ ಬಿಲ್ಲೆ ಹಾಕಿ. ಸುತ್ತಳತೆಯನ್ನು ಸಾಮಾನ್ಯವಾಗಿ ನೆಲದಿಂದ 1.3 ಮೀಟರ್ ಎತ್ತರದಲ್ಲಿ ತೆಗೆಯುತ್ತಾರೆ. ಆದರೆ ಮಿರಿಸ್ಟಿಕ ಮ್ಯಾಗ್ನಿಫಿಕಾದಂತಹ ಮರಗಳಲ್ಲಿ ಕಾಂಡದಿಂದ ಇಳಿದು ನೆಲಕ್ಕೆ ಊರುವ ಊರುಗಾಲಿನ ಬೇರುಗಳು ಅದಕ್ಕಿಂತ ಮೇಲೆ ಹೊರಟಿದ್ದರೆ, ಅತಿ ಮೇಲಿನ ಬೇರು ಮುಗಿದ ನಂತರ ಅಳೆದು, ಆ ಎತ್ತರವನ್ನೂ ಬರೆಯಬೇಕು. ಕೆಸರಿನಿಂದ ಮೊಣಕಾಲು ಮಡಚಿದಂತೆ ಎದ್ದಿರುವ ಉಸಿರುಬೇರುಗಳನ್ನು ತುಳಿಯಬಾರದು. ರಾಮಪತ್ರೆ ಕುಟುಂಬದ ಜಡ್ಡಿಮರಗಳಲ್ಲಿ ಗಂಡು, ಹೆಣ್ಣು ಬೇರೆ ಬೇರೆಯಾಗಿರುವುದರಿಂದ ಹೂ ಬಿಟ್ಟಾಗ ಮತ್ತೊಮ್ಮೆ ಬಂದು ಲಿಂಗವನ್ನು ದಾಖಲಿಸಿ. ಬೀಜಗಳು ಒಣಗಿದರೆ ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತವೆ; ಅವನ್ನು ಹೊತ್ತೊಯ್ಯುವ ಮಂಗಟ್ಟೆ ಹಕ್ಕಿಗಳ ಓಡಾಟವನ್ನೂ ಗಮನಿಸಿ. 2000ದಲ್ಲಿ ವಿಜ್ಞಾನಲೋಕಕ್ಕೆ ಪರಿಚಯವಾದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್‌ನಂತಹ ಅಪರೂಪದ ಮರ ಕಂಡರೆ, ಅದರ ಸುತ್ತಲಿನ ಸಸಿಗಳನ್ನು ಒಂದೊಂದಾಗಿ ಎಣಿಸಿ.

ಕಪ್ಪೆಗಳ ಸಮೀಕ್ಷೆಯನ್ನು ಮಳೆಗಾಲದ ರಾತ್ರಿಗಳಲ್ಲಿ, ಪ್ರತಿ ಸಲವೂ ಅದೇ ದಾರಿಯಲ್ಲಿ, ಅದೇ ವೇಳೆಯಲ್ಲಿ ಮಾಡಬೇಕು. ಉತ್ತರ ಕನ್ನಡದ ಕತ್ತಲೆಕಾನು ಎಂಬ ಕಾಡಿನಲ್ಲಿ ಪತ್ತೆಯಾಗಿ 2014ರಲ್ಲಿ ಹೆಸರು ಪಡೆದ ಕುಂಬಾರ ಕಪ್ಪೆಯ ಗಂಡು, ಹಿಂಗಾಲುಗಳ ಮೇಲೆ ನಿಂತು, ತೊರೆಯ ಕೆಸರನ್ನು ಮುಂಗಾಲಿನಲ್ಲಿ ಎತ್ತಿ, ಕಡ್ಡಿಗೆ ಅಂಟಿದ ಮೊಟ್ಟೆಗಳಿಗೆ ಮೆತ್ತುತ್ತದೆ. ಹಾಗಾಗಿ ನೀರಿನ ಮೇಲೆ ಬಾಗಿದ ಕಡ್ಡಿಗಳನ್ನು ಸರಿಸದೆ, ಮಂದ ಬೆಳಕಿನಲ್ಲಿ ದೂರದಿಂದಲೇ ನೋಡಿ, ಕೂಗನ್ನು ಧ್ವನಿಮುದ್ರಿಸಿಕೊಳ್ಳಿ. ಕಪ್ಪೆಗಳಿಗೆ ಶಿಲೀಂಧ್ರ ರೋಗ ಹರಡದಂತೆ, ಒಂದು ಜಡ್ಡಿಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟುಗಳ ಕೆಸರು ತೊಳೆದು, ಸೋಂಕು ನಿವಾರಕ ಬಳಸಿ ಒಣಗಿಸಿ.

ಮರಗಳ ಸುತ್ತಳತೆಯನ್ನು ಕೆಲವು ವರ್ಷಗಳಿಗೊಮ್ಮೆ ತೆಗೆದರೆ ಸಾಕು. ನೀರು ಮತ್ತು ಸಸಿಗಳ ಲೆಕ್ಕ ಮಾತ್ರ ಯಾವ ವರ್ಷವೂ ತಪ್ಪಬಾರದು. ದಾಖಲೆಯ ಪ್ರತಿಯನ್ನು ಅರಣ್ಯ ಇಲಾಖೆಗೂ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಕೊಡಿ. ನೀರಿನ ಮಟ್ಟ ಬೇಸಿಗೆಯಿಂದ ಬೇಸಿಗೆಗೆ ಇಳಿಯುತ್ತಿದ್ದರೆ, ದೂರು ಬರೆಯುವ ಮೊದಲು ಆ ಅಂಕಿಗಳನ್ನು ಹಿಡಿದು ಮೇಲಿನ ಅಡಿಕೆ ತೋಟದವರ ಬಳಿ ಹೋಗಿ ಮಾತನಾಡಿ. ಒರತೆ ಬತ್ತಿದರೆ ಅವರ ತೋಟಕ್ಕೂ ನೀರಿರುವುದಿಲ್ಲ.