ಬಚ್ಚಲು ನಾರುತ್ತಿದೆಯೇ? ಮೊದಲು ಜಾಲರಿ ಎತ್ತಿ

ಬಚ್ಚಲುಮನೆ ನಾರಿದರೆ ಸುಗಂಧದ ಡಬ್ಬಿ ತಂದು ಮೂಲೆಗೆ ನೇತುಹಾಕುವವರೇ ಹೆಚ್ಚು. ಆಮೇಲೆ ಮಲ್ಲಿಗೆಯೂ ಚರಂಡಿಯೂ ಬೆರೆತ ಘಾಟನ್ನು ಮನೆಮಂದಿಯೆಲ್ಲ ಸಹಿಸಬೇಕು. ನುಸಿಗುಳಿಗೆಯೂ ಅಷ್ಟೇ. ಎರಡಕ್ಕೂ ದುಡ್ಡು ಸುರಿಯಬೇಡಿ.

ರಾತ್ರಿ ಬಾಗಿಲು, ಕಿಟಕಿ ಮುಚ್ಚಿಟ್ಟು ಬೆಳಿಗ್ಗೆ ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆಯಾದರೆ ಅದು ನೀರು ಹೋಗುವ ತೂತಿನದು. ಮೂತ್ರದ ಘಾಟಾದರೆ ಕಮೋಡಿನದು. ಬರೀ ಮುಗ್ಗಲಾದರೆ ಎಕ್ಸಾಸ್ಟ್ ಫ್ಯಾನ್ ಹಾಕಿ, ಒದ್ದೆ ಮ್ಯಾಟನ್ನು ಬಿಸಿಲಿಗೆ ಎಸೆಯಿರಿ, ಮುಗಿಯಿತು.

ಬಹುತೇಕ ಮನೆಗಳಲ್ಲಿ ತಪ್ಪಿತಸ್ಥ ನೆಲದ ತೂತು, ಅಂದರೆ ಪ್ಲಂಬರ್‌ಗಳು ನಹಾನಿ ಟ್ರ್ಯಾಪ್ ಎನ್ನುವ ಭಾಗ. ಎಲ್ಲರೂ ಎಡವುವುದೂ ಇಲ್ಲಿಯೇ. ಕೈಗವಸು ಹಾಕಿಕೊಂಡು, ಸ್ಕ್ರೂಡ್ರೈವರ್ ತುದಿಯಿಂದ ಜಾಲರಿ ಎತ್ತಿ. ಹಲವು ಮಾದರಿಗಳಲ್ಲಿ ಕೆಳಗೆ ಬೋರಲು ಹಾಕಿದ ಬಟ್ಟಲೊಂದು ಇರುತ್ತದೆ. ಅದಕ್ಕೆ ಸುತ್ತಿಕೊಂಡ ಕೂದಲನ್ನು ಕೈಯಿಂದಲೇ ಎಳೆದು ಕಸಕ್ಕೆ ಹಾಕಿ, ಒಳಕ್ಕೆ ತಳ್ಳಬೇಡಿ. ಬಟ್ಟಲಿನ ಒಳಮೈಯಲ್ಲೂ ಗುಂಡಿಯ ಗೋಡೆಯಲ್ಲೂ ಸೋಪಿನ ಜಿಡ್ಡು ಕೂತು ಬೂದು ಬಣ್ಣದ ಲೋಳೆಯಾಗಿರುತ್ತದೆ. ನಾರುವುದು ಅದೇ. ಹಳೆಯ ಟೂತ್‌ಬ್ರಷ್‌ನಿಂದ, ಪಾತ್ರೆ ತೊಳೆಯುವ ಸೋಪು ಹಚ್ಚಿ, ಬೆರಳಿಗೆ ಜಾರು ಹತ್ತದಷ್ಟು ಉಜ್ಜಿ. ಬಿಸಿನೀರು ಹಾಕಬಹುದು, ಕುದಿಯುವ ನೀರು ಬೇಡ. ಪಿವಿಸಿ ಪೈಪು ಮೆತ್ತಗಾಗುತ್ತದೆ.

ಈಗ ಬಟ್ಟಲನ್ನು ಇದ್ದ ಹಾಗೆಯೇ ಕೂರಿಸಿ. ನೀರು ನಿಧಾನವಾಗಿ ಹೋಗುತ್ತದೆಂದು ಅದನ್ನು ಕಿತ್ತೆಸೆಯುವವರಿದ್ದಾರೆ! ಗುಂಡಿಯಲ್ಲಿ ಸುಮಾರು 50 ಮಿ.ಮೀ. ನೀರು ನಿಂತು, ಬಟ್ಟಲಿನ ಅಂಚು ಅದರಲ್ಲಿ ಮುಳುಗಿದ್ದರೆ ಮಾತ್ರ ಚರಂಡಿಯ ಗಾಳಿಗೆ ತಡೆ. ಬಳಸದ ಬಚ್ಚಲಿನಲ್ಲಿ ಬೇಸಿಗೆಗೆ ಈ ನೀರು ಆರುತ್ತದೆ. ವಾರಕ್ಕೊಮ್ಮೆ ಅರ್ಧ ಬಕೆಟ್ ಸುರಿಯಿರಿ. ತಿಂಗಳುಗಟ್ಟಲೆ ಊರಿಗೆ ಹೋಗುವುದಾದರೆ ಮೇಲೊಂದು ಚಮಚ ಎಣ್ಣೆ ಬಿಡಿ, ನೀರು ಬೇಗ ಆವಿಯಾಗುವುದಿಲ್ಲ.

ವಾಷ್‌ಬೇಸಿನ್ ಕೆಳಗಿನ ಸುಕ್ಕುಸುಕ್ಕು ಪೈಪನ್ನು ಗೋಡೆಯ ತೂತಿಗೆ ಸುಮ್ಮನೆ ತುರುಕಿದ್ದರೆ, ಸಂದಿಗೆ ರಬ್ಬರ್ ರಿಂಗ್ ಹಾಕಿಸಿ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಕಮೋಡಿನ ಅಂಚಿನಡಿ ಬಿಳಿ ಗಟ್ಟಿ ಪದರ ಕಟ್ಟಿ, ಮೂತ್ರದ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಿಟ್ರಿಕ್ ಆ್ಯಸಿಡ್ ಪುಡಿಯನ್ನು ನೀರಿನಲ್ಲಿ ಕಲಸಿ ರಾತ್ರಿ ಹಚ್ಚಿಬಿಟ್ಟು ಬೆಳಿಗ್ಗೆ ಉಜ್ಜಿ. ಆ್ಯಸಿಡ್ ಯಾವುದೇ ಇರಲಿ, ಬ್ಲೀಚಿಂಗ್ ಪೌಡರ್ ಜೊತೆ ಸೇರಿಸಲೇಬೇಡಿ: ಹುಟ್ಟುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ. ಇನ್ನು ಮೊಬೈಲಿನಲ್ಲಿ ಓಡಾಡುವ ಅಡುಗೆ ಸೋಡಾ, ವಿನೆಗರ್ ಉಪಾಯ ನೊರೆಯ ಆಟವಷ್ಟೇ. ಒಂದರ ಗುಣವನ್ನು ಇನ್ನೊಂದು ಕೊಂದುಹಾಕುತ್ತದೆ.

ಇಷ್ಟಾದರೂ ನಾತ ಉಳಿದು, ಮೇಲಿನ ಮನೆಯವರು ಫ್ಲಷ್ ಮಾಡಿದಾಗ ನಿಮ್ಮ ತೂತು ಗುಳುಗುಳು ಎಂದರೆ, ಗಾಳಿ ಪೈಪು (ಚರಂಡಿ ಪೈಪಿಗೆ ಗಾಳಿಯಾಡಲು ಛಾವಣಿಯವರೆಗೆ ಏರಿಸಿದ ಪೈಪು) ಕಟ್ಟಿಕೊಂಡಿದ್ದು, ಗುಂಡಿಯಲ್ಲಿ ನಿಂತ ನೀರು ಎಳೆದುಹೋಗುತ್ತಿರಬಹುದು. ಪ್ಲಂಬರ್‌ನನ್ನು ಕರೆಸಿ ಛಾವಣಿಯ ಮೇಲಿನ ಪೈಪನ್ನು ನೋಡಲು ಹೇಳಿ. ತೂತಿನ ಸುತ್ತ ಬಿಳಿ ಸಿಮೆಂಟ್ ಮೆತ್ತಿ ಕೊಡುತ್ತೇನೆ ಎಂದರೆ ಒಪ್ಪಬೇಡಿ.